ಹೊಸ ಸಿಆರ್‌ಪಿಗಳಿಗೆ: ತರಗತಿಯ ಹಿಂದೆ ಕೂತು ಶಿಕ್ಷಕರ ಜೊತೆ ಕೆಲಸ ಮಾಡುವ ಬಗೆ

ಸಿಆರ್‌ಪಿಯ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನಲ್ಲಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಯ, ಬೈಕು ಶಾಲೆಯ ಗೇಟಿಗೆ ಬಂದು ನಿಂತರೆ ಒಳಗಿನ ಸದ್ದು ಬದಲಾಗುತ್ತದೆ. ಗುಂಪಿನಲ್ಲಿ ಮಾತಾಡುತ್ತಿದ್ದ ಮಕ್ಕಳು ಸಾಲಾಗಿ ಕೂರುತ್ತಾರೆ, ಶಿಕ್ಷಕರು ಪಾಠ ಟಿಪ್ಪಣಿ ಹುಡುಕುತ್ತಾರೆ, ಮುಖ್ಯಗುರುಗಳು ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ ತಂದು ಮೇಜಿನ ಮೇಲೆ ಇಡುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದಲ್ಲಿ ಇದಕ್ಕೆ ಕಾರಣವಿದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಗಿದ್ದವು. ಪಟ್ಟಿ ಬಂದಾಗಲೆಲ್ಲ ಮೇಲಿನಿಂದ ಸಭೆ, ನೋಟಿಸು, ಭೇಟಿ ಇಳಿದು ಬರುತ್ತವೆ. ಅದರ ಬಿಸಿ ಒಂದನೇ ತರಗತಿಯ ಶಿಕ್ಷಕಿಗೂ ತಟ್ಟುತ್ತದೆ. ಕೈಯಲ್ಲಿ ಪುಸ್ತಕ ಹಿಡಿದು ಬಂದವರು ತಪ್ಪು ಬರೆದುಕೊಂಡು ಹೋಗಲು ಬಂದವರೇ ಎಂದು ಶಾಲೆ ನಂಬಿದೆ. ನೀವು ಎಷ್ಟೇ ಒಳ್ಳೆಯ ಮಾತಾಡಿದರೂ ಈ ನಂಬಿಕೆ ಹೋಗುವುದಿಲ್ಲ. ಅದೇ ಶಿಕ್ಷಕರ ಬಳಿ, ಅದೇ ವಿಷಯಕ್ಕೆ, ನಾಲ್ಕು ಸಲ ಮರಳಿ ಹೋದರೆ ಹೋಗುತ್ತದೆ. ಈ ಬರಹ ಆ ನಾಲ್ಕು ಭೇಟಿಗಳನ್ನು ಹೇಗೆ ಮಾಡಬೇಕು ಎಂಬುದರ ಬಗ್ಗೆ.

ತರಬೇತಿ ಇದ್ದೇ ಇದೆಯಲ್ಲ ಎಂದು ಕೇಳುವವರಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಅಭಿವೃದ್ಧಿ ಬೇಕೆನ್ನುತ್ತದೆ. ಆದರೆ ಐದು ದಿನ ತರಬೇತಿ ಮುಗಿಸಿ ಬಂದ ಶಿಕ್ಷಕಿಯ ಮುಂದೆ ಸೋಮವಾರ ಕೂತಿರುವುದು ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು. ಅವರಲ್ಲಿ ನಾಲ್ವರು, ದುಡಿಯಲು ಹೋದ ಮನೆಯವರ ಜೊತೆ ಹೋದ ವಾರವಷ್ಟೇ ಪುಣೆಯಿಂದ ಮರಳಿದವರು. ತರಬೇತಿಯಲ್ಲಿ ಕಲಿತದ್ದನ್ನು ಆ ಕೋಣೆಯ ಅಳತೆಗೆ ಹೊಂದಿಸಲು ಜೊತೆಗೊಬ್ಬರು ಬೇಕು.

ಎಲ್ಲರನ್ನೂ ಹಿಡಿಯಬೇಡಿ

ಹೊಸಬರು ಮಾಡುವ ಮೊದಲ ತಪ್ಪು ಇದು. ಕ್ಲಸ್ಟರಿನಲ್ಲಿ 14 ಶಾಲೆ, 60 ಶಿಕ್ಷಕರು ಇದ್ದಾರೆ ಎಂದಿಟ್ಟುಕೊಳ್ಳಿ. ಎಲ್ಲ ಶಾಲೆಗೂ ತಿಂಗಳಿಗೊಮ್ಮೆ ಹೋಗಿ, ಎಲ್ಲರ ತರಗತಿಯಲ್ಲಿ ಹತ್ತು ನಿಮಿಷ ನಿಂತು, ಎಲ್ಲರಿಗೂ ಒಂದೊಂದು ಸಲಹೆ ಕೊಟ್ಟು ಬಂದರೆ ಭೇಟಿಯ ಸಂಖ್ಯೆ ತುಂಬುತ್ತದೆ, ತರಗತಿಯಲ್ಲಿ ಏನೂ ಬದಲಾಗುವುದಿಲ್ಲ.

ಲೆಕ್ಕ ಹೀಗೆ ಹಾಕಿ. ಸ್ಯಾಟ್ಸ್, ಯು-ಡೈಸ್ ಎಂಬ ಆನ್‌ಲೈನ್ ದಾಖಲೆಗಳಿಗೆ ಮಕ್ಕಳ ಮತ್ತು ಶಾಲೆಯ ಮಾಹಿತಿ ತುಂಬುವುದು, ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಭೆ, ಸಮವಸ್ತ್ರ ಮತ್ತು ಪುಸ್ತಕ ಹಂಚಿಕೆ ಕಳೆದರೆ ವಾರಕ್ಕೆ ಮೂರು ದಿನ ನಿಮ್ಮ ಕೈಯಲ್ಲಿ ಉಳಿಯುತ್ತವೆ. ಆರು ವಾರಕ್ಕೆ 18 ದಿನ. ದಿನಕ್ಕೆ ಇಬ್ಬರು ಶಿಕ್ಷಕರಂತೆ 36 ಭೇಟಿ. ಎಂಟು ಶಿಕ್ಷಕರನ್ನು ಆರಿಸಿ ತಲಾ ನಾಲ್ಕು ಭೇಟಿ ಇಟ್ಟರೆ 32. ಉಳಿದ ನಾಲ್ಕು, ಶಿಕ್ಷಕರು ರಜೆ ಹಾಕಿದ ದಿನಕ್ಕೂ ದಿಢೀರ್ ಸಭೆ ಬಂದ ದಿನಕ್ಕೂ ಸರಿಹೋಗುತ್ತವೆ. ಜೂನ್ ಮಧ್ಯದಿಂದ ಜುಲೈ ಕೊನೆ, ಆಗಸ್ಟ್‌ನಿಂದ ಸೆಪ್ಟೆಂಬರ್ ಮಧ್ಯ, ದಸರಾ ರಜೆಯ ನಂತರ ನವೆಂಬರ್‌ನಿಂದ ಡಿಸೆಂಬರ್ ಮಧ್ಯ, ಜನವರಿಯಿಂದ ಫೆಬ್ರವರಿ ಮಧ್ಯ: ವರ್ಷಕ್ಕೆ ಇಂಥ ನಾಲ್ಕು ಸುತ್ತು, 32 ಶಿಕ್ಷಕರು. ಉಳಿದವರನ್ನು, ಕ್ಲಸ್ಟರಿನ ಶಿಕ್ಷಕರೆಲ್ಲ ಸೇರುವ ಸಮಾಲೋಚನಾ ಸಭೆಯಲ್ಲಿ ಮುಟ್ಟಬೇಕು.

ಮೊದಲ ಸುತ್ತಿಗೆ ಯಾರು? ಕಷ್ಟದಲ್ಲಿರುವ ಎಂಟು ಜನರನ್ನೇ ಆರಿಸಿದರೆ "ಸಿಆರ್‌ಪಿ ಬರೋದು ಪಾಠ ಬರಲಾರದವ್ರ ಹತ್ರ" ಎಂಬ ಮಾತು ಒಂದೇ ವಾರದಲ್ಲಿ ಕ್ಲಸ್ಟರ್ ತುಂಬಾ ಹಬ್ಬುತ್ತದೆ. ಆಮೇಲೆ ನಿಮ್ಮನ್ನು ಒಳಗೆ ಕರೆಯುವುದೇ ಅವಮಾನವಾಗಿಬಿಡುತ್ತದೆ. ತಾವಾಗಿಯೇ "ಬರ್ರಿ ಸರ್" ಎನ್ನುವ ನಾಲ್ವರು, ಇಬ್ಬರು ಅತಿಥಿ ಶಿಕ್ಷಕರು, ಎಲ್ಲರೂ ಗೌರವ ಕೊಡುವ ಹಿರಿಯರೊಬ್ಬರು, ನಿಜಕ್ಕೂ ಕಷ್ಟಪಡುತ್ತಿರುವ ಒಬ್ಬರು. ಹೀಗೆ ಕಲಸಿ ಆರಿಸಿ.

ಹೋಗುವ ಮೊದಲು

ಹೇಳದೆ ಹೋಗಬೇಡಿ. ಹಿಂದಿನ ದಿನವೇ ಫೋನ್ ಮಾಡಿ, ಏನು ನೋಡುತ್ತೀರಿ ಎಂಬುದನ್ನೂ ಹೇಳಿ. "ಸರ್, ನಾಳಿ ನಿಮ್ಮ ಗಣಿತ ಪಿರಿಯಡ್‌ಗೆ ಬರ್ತೀನ್ರಿ. ತಪ್ಪು ಹುಡುಕ್ಲಾಕ ಅಲ್ರಿ. ಯಾವ ಮಕ್ಕಳು ಉತ್ತರ ಹೇಳ್ತಾವ, ಯಾವ ಮಕ್ಕಳು ಸುಮ್ನ ಕೂಡ್ತಾವ, ಅದಷ್ಟು ಲೆಕ್ಕ ಹಾಕಿ ನಿಮಗ ಕೊಡ್ತೀನಿ." ಹೇಳಿ ಹೋದರೆ ಶಿಕ್ಷಕರು ಆ ದಿನ ಚೆನ್ನಾಗಿ ತಯಾರಾಗಿರುತ್ತಾರೆ, ನಿಜಸ್ಥಿತಿ ಕಾಣುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ತಯಾರಾಗಿರಲಿ. ಅವರ ಅತ್ಯುತ್ತಮ ಪಾಠದಲ್ಲೇ ಹಿಂದಿನ ಸಾಲು ಸುಮ್ಮನಿದ್ದರೆ, ಮಾತಾಡಲು ಅದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.

ಪ್ರಾರ್ಥನೆಗೆ ಮುಂಚೆ ತಲುಪಿ, ಹತ್ತು ನಿಮಿಷ ಕೂತು ಮೂರು ಪ್ರಶ್ನೆ ಕೇಳಿ: ಇವತ್ತು ಮಕ್ಕಳಿಗೆ ಏನು ಬರಬೇಕು? ಯಾರಿಗೆ ಕಷ್ಟವಾಗಬಹುದು? ನಾನು ಏನನ್ನು ಗಮನಿಸಿದರೆ ನಿಮಗೆ ಉಪಯೋಗ? ಮೂರನೆಯದಕ್ಕೆ ಮೊದಲ ಸಲ ಉತ್ತರ ಬರುವುದಿಲ್ಲ. "ನೀವೇ ನೋಡ್ರಿ ಸರ್" ಎನ್ನುತ್ತಾರೆ. ಆಗ ನೀವು ಎರಡು ಆಯ್ಕೆ ಕೊಟ್ಟು ಒಂದನ್ನು ಅವರಿಂದಲೇ ಆರಿಸಿಕೊಳ್ಳಿ.

ತರಗತಿಯೊಳಗೆ

ಬಾಗಿಲ ಎದುರು ಕೂರಬೇಡಿ, ಶಿಕ್ಷಕರ ಕುರ್ಚಿಯಲ್ಲಿ ಎಂದೆಂದಿಗೂ ಕೂರಬೇಡಿ. ಹಿಂದಿನ ಮೂಲೆ, ಮಕ್ಕಳ ಮುಖ ಅರೆಬರೆಯಾದರೂ ಕಾಣುವ ಜಾಗ ಒಳ್ಳೆಯದು. ನಲಿ-ಕಲಿ ಕೋಣೆಯಾದರೆ (ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಕೋಣೆ) ನೆಲದ ಮೇಲೆ, ಮಕ್ಕಳ ಎತ್ತರಕ್ಕೆ ಕೂರಿ. ಮೊಬೈಲ್ ಚೀಲದಲ್ಲಿರಲಿ, ಸಮಯಕ್ಕೆ ಕೈಗಡಿಯಾರ ಸಾಕು.

ಉದ್ದ ನೋಟ್‌ಬುಕ್ಕಿನ ಪುಟಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಎಡಕ್ಕೆ ಸಮಯ, ನಡುವೆ ಕಂಡದ್ದು ಮತ್ತು ಕೇಳಿದ್ದು, ಬಲಕ್ಕೆ ನಿಮ್ಮ ಪ್ರಶ್ನೆ. ಪಾಠ ನಡೆಯುವಾಗ ಬಲಭಾಗ ಖಾಲಿಯೇ ಇರಬೇಕು. ಅಲ್ಲಿ ಬರೆಯಲು ಶುರು ಮಾಡಿದರೆ ನೋಡುವುದು ನಿಲ್ಲುತ್ತದೆ, ತೀರ್ಪು ಶುರುವಾಗುತ್ತದೆ. ನಡುಭಾಗದಲ್ಲಿ "ಮಕ್ಕಳಿಗೆ ಆಸಕ್ತಿ ಇಲ್ಲ" ಎಂದು ಬರೆಯಬೇಡಿ. ಅದು ನಿಮ್ಮ ಅಭಿಪ್ರಾಯ. "10.52: ಕಿಟಕಿ ಬಳಿಯ ಮೂವರು ಪುಸ್ತಕ ತೆರೆದಿಲ್ಲ" ಎಂದು ಬರೆಯಿರಿ. ಶಿಕ್ಷಕರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ, ಶಬ್ದ ಬಿಡದೆ ಬರೆದುಕೊಳ್ಳಿ.

ಎದುರಿನ ಪುಟದಲ್ಲಿ ಮಕ್ಕಳು ಕೂತ ನಕ್ಷೆ ಬರೆದು, ಒಬ್ಬೊಬ್ಬರಿಗೆ ಒಂದು ಚೌಕ ಕೊಡಿ. ಯಾರು ಒಬ್ಬರೇ ಉತ್ತರ ಹೇಳಿದರೂ ಅವರ ಚೌಕದಲ್ಲಿ ಒಂದು ಗೆರೆ. 40 ನಿಮಿಷದ ಕೊನೆಗೆ ಆ ನಕ್ಷೆ ತಾನೇ ಮಾತಾಡುತ್ತದೆ: ಮುಂದಿನ ಸಾಲಿನ ಐವರ ಚೌಕ ತುಂಬಿರುತ್ತದೆ, ಗೋಡೆಯ ಬದಿಯ ಹನ್ನೆರಡು ಚೌಕ ಖಾಲಿ ಇರುತ್ತವೆ. ಶಿಕ್ಷಕರ ಮೇಲೆ ಯಾವ ಟೀಕೆಯೂ ಇಲ್ಲದ ಹಾಳೆ ಇದು. ಎಷ್ಟೋ ಸಲ ಅದನ್ನು ಅವರ ಮುಂದೆ ಇಟ್ಟರೆ ಸಾಕು, ನೀವು ಬಾಯಿ ತೆರೆಯಬೇಕಾಗಿಲ್ಲ.

ನಲಿ-ಕಲಿಯಲ್ಲಿ ಲೆಕ್ಕ ಬೇರೆ. ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ ಎಲ್ಲ ಗುಂಪುಗಳನ್ನೂ ನೋಡಿ, ಯಾವ ಗುಂಪಿಗೆ ಕೆಲಸವಿಲ್ಲ ಎಂದು ಗುರುತು ಹಾಕಿ. ಸಾಮಾನ್ಯವಾಗಿ ಕಾಣುವ ತೊಂದರೆ ಎಂದರೆ ಶಿಕ್ಷಕಿ ಎಲ್ಲ ಗುಂಪಿಗೂ ಸರದಿಯಂತೆ ಮೂರು ಮೂರು ನಿಮಿಷ ಓಡಾಡುವುದು. ಆಗ ಹೊಸದನ್ನು ಕಲಿಯುತ್ತಿರುವ, ಅವರ ಪಕ್ಕವೇ ಕೂತಿರಬೇಕಾದ ಗುಂಪಿಗೆ ಹೊತ್ತು ಸಾಲುವುದಿಲ್ಲ. ತಾವೇ ಮಾಡಿಕೊಳ್ಳಬೇಕಾದ ಗುಂಪು ಕಾರ್ಡು ಮುಗಿಸಿ "ಟೀಚರ್, ಆತ್ರೀ" ಎಂದು ಕೂತಿರುತ್ತದೆ.

ಏನನ್ನು ನೋಡಬೇಕು

ನಮ್ಮ ಭಾಗದ ಶಾಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ನಾಲ್ಕು ಸಂಗತಿಗಳಿವೆ. ಎಲ್ಲವನ್ನೂ ಒಂದೇ ದಿನ ನೋಡಲು ಹೋಗಬೇಡಿ.

ಒಂದು, ಕೋರಸ್. "ವಿಜಯಪುರದಿಂದ ಕಲಬುರಗಿ ಜಿಲ್ಲೆಗೆ ಹರಿದು ಬರೋ ನದಿ ಭೀ...?" "ಮಾ!" ಇಡೀ ತರಗತಿ ಕೂಗಿತು, ಎಲ್ಲರಿಗೂ ಬಂತು ಎಂಬ ಭಾವನೆ ಬರುತ್ತದೆ. ಮಕ್ಕಳು ಮಾಡಿದ್ದು ಅರ್ಧ ಪದ ಪೂರ್ತಿ ಮಾಡಿದ್ದಷ್ಟೇ. ಮೂರು ಮಕ್ಕಳು ಮೊದಲು ಹೇಳುತ್ತಾರೆ, ಉಳಿದವರು ಅವರ ದನಿ ಹಿಡಿಯುತ್ತಾರೆ. ಬದಲಾವಣೆ ಚಿಕ್ಕದು: ಪೂರ್ತಿ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಒಬ್ಬರ ಹೆಸರು ಕರೆಯುವುದು. ಹೆಸರು ಮೊದಲೇ ಕರೆದರೆ ಉಳಿದವರು ಯೋಚಿಸುವುದನ್ನು ಬಿಡುತ್ತಾರೆ, ಆದ್ದರಿಂದ ಈ ಕ್ರಮ ಮುಖ್ಯ. ಶಿಕ್ಷಕರು ಪ್ರಶ್ನೆಯ ನಂತರ ಕಾಯುವುದು ಸರಾಸರಿ ಒಂದು ಸೆಕೆಂಡು ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ಅಳೆದು ತೋರಿಸಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುವವರು ಕಡಿಮೆಯಾದರು. ನಿಂತು ಪಾಠ ಮಾಡುವವರಿಗೆ ಮೂರು ಸೆಕೆಂಡು ಬಹಳ ಉದ್ದ ಎನಿಸುತ್ತದೆ. ಅದಕ್ಕೇ ಇದನ್ನು ರೂಢಿ ಮಾಡಿಕೊಳ್ಳಬೇಕಾಗುತ್ತದೆ.

ಎರಡು, ಬಾಯಿಪಾಠವನ್ನು ಓದು ಎಂದುಕೊಳ್ಳುವುದು. ಮಗು ಪಾಠವನ್ನು ಗಡಗಡ ಒಪ್ಪಿಸುತ್ತದೆ, ಬೆರಳು ಬೇರೆ ಸಾಲಿನಲ್ಲಿರುತ್ತದೆ. ಪರೀಕ್ಷೆ ಸುಲಭ: ಚಿತ್ರವನ್ನು ಕೈಯಿಂದ ಮುಚ್ಚಿ, ಕೊನೆಯ ಸಾಲಿನಿಂದ ಮೇಲಕ್ಕೆ ಒಂದೊಂದೇ ಪದ ಓದಿಸಿ. ಎರಡನೇ ದಾರಿ, ಅದೇ ಪದಗಳನ್ನು ಬಳಸಿ ಹೊಸದಾಗಿ ಬರೆದ ನಾಲ್ಕು ವಾಕ್ಯ ಕೊಡುವುದು. ಮೊದಲು ಐದು ಮಕ್ಕಳ ಜೊತೆ ನೀವು ಮಾಡಿ, ಮುಂದಿನ ಐದನ್ನು ಶಿಕ್ಷಕರು ಮಾಡಲಿ.

ಮೂರು, ಕಳೆಯುವ ಲೆಕ್ಕ. 52ರಲ್ಲಿ 27 ಕಳೆದರೆ 35 ಎಂದು ಬರೆಯುವ ಮಗು ಅಜಾಗರೂಕತೆಯಿಂದ ಬರೆದದ್ದಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಅದು ತಾನೇ ಕಟ್ಟಿಕೊಂಡಿದೆ. ಹಲಗೆಯ ಮೇಲೆ ಅದೇ ಕ್ರಮವನ್ನು ಇನ್ನೊಮ್ಮೆ ಬರೆದು ತೋರಿಸಿದರೆ ಈ ನಿಯಮ ಅಳಿಯುವುದಿಲ್ಲ. ಕಡ್ಡಿ ಕೊಡಬೇಕು. ತೊಗರಿ ಬೆಳೆಯುವ ಊರಿನಲ್ಲಿ ಕಡ್ಡಿಗೆ ಹಣ ಬೇಕಿಲ್ಲ: ತೊಗರಿ ಕಟ್ಟಿಗೆಯ ತೆಳು ಟೊಂಗೆಗಳನ್ನು ಬೆರಳುದ್ದ ಮುರಿದು, ತುದಿ ಉಜ್ಜಿ ನಯ ಮಾಡಿ, ಹತ್ತರ ಕಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ನಾಲ್ಕು ಮಕ್ಕಳ ಗುಂಪಿಗೆ 60 ಕಡ್ಡಿ ಸಾಕು, 32 ಮಕ್ಕಳಿಗೆ 480. 52 ಎಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಬಿಡಿ ಕೊಡು ಎಂದರೆ ಮಗು ತಡವರಿಸುತ್ತದೆ, ಒಂದು ಕಟ್ಟು ಬಿಚ್ಚುತ್ತದೆ. 12ರಲ್ಲಿ 7 ಕೊಟ್ಟು 5 ಉಳಿಸಿಕೊಳ್ಳುತ್ತದೆ, ನಾಲ್ಕು ಕಟ್ಟಿನಲ್ಲಿ ಎರಡು ಕೊಡುತ್ತದೆ: 25. ಆ ಕಟ್ಟನ್ನು ಮಗುವೇ ಬಿಚ್ಚಬೇಕು. ಶಿಕ್ಷಕರು ಮೇಜಿನ ಮೇಲೆ ಬಿಚ್ಚಿ ತೋರಿಸಿದರೆ ಅದು ಇನ್ನೊಂದು ಹಲಗೆಯ ಲೆಕ್ಕವೇ ಆಗುತ್ತದೆ. ತಪ್ಪುವುದು ಹೆಚ್ಚಾಗಿ ಇಲ್ಲೇ.

ನಾಲ್ಕನೆಯದು ಭಾಷೆ, ಮತ್ತು ಇದರಲ್ಲಿ ಸಿಆರ್‌ಪಿ ಕೊಡಬಹುದಾದ ಸಹಾಯ ದೊಡ್ಡದು. ಪುಸ್ತಕದಲ್ಲಿ "ಮನೆ" ಇದ್ದದ್ದನ್ನು ಮಗು "ಮನಿ" ಎಂದು, "ಏಕೆ" ಇದ್ದದ್ದನ್ನು "ಯಾಕ" ಎಂದು ಓದಿದರೆ ಅದು ಓದಿನ ತಪ್ಪಲ್ಲ. ಅಕ್ಷರ ನೋಡಿ, ಅರ್ಥ ಹಿಡಿದು, ತನ್ನ ಮನೆಮಾತಿನಲ್ಲಿ ಹೇಳಿದೆ. "ಮನೆ"ಯನ್ನು "ಮಾನ" ಎಂದರೆ ಅದು ತಪ್ಪು. ಶಿಕ್ಷಕರು ಎರಡನ್ನೂ ಒಂದೇ ಥರ ತಿದ್ದುತ್ತಿದ್ದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಚಿಂಚೋಳಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಮಗುವಿಗೆ ತಾಯಿ ಯಾಡಿ, ರೊಟ್ಟಿ ಬಾಟಿ, ನೀರು ಪಾಣಿ. ಆಳಂದ, ಔರಾದ್ ಗಡಿಯಲ್ಲಿ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು, ಪೇಟೆಯ ಓಣಿಗಳಲ್ಲಿ ದಖ್ಖನಿ ಉರ್ದು. ಶಿಕ್ಷಕರು ಆ ಭಾಷೆ ಪೂರ್ತಿ ಕಲಿಯಬೇಕಿಲ್ಲ. ಮಕ್ಕಳಿಂದಲೇ ಕೇಳಿ 50 ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಲಿ: ಮನೆ, ದೇಹ, ಅಡುಗೆ, ಪ್ರಾಣಿ, "ಬಾ, ಕೂರು, ತೋರಿಸು" ಎಂಬಂಥ ಮಾತು. ಪಟ್ಟಿ ಮಾಡುವ ಹೊತ್ತಿನಲ್ಲೇ, ಅಲ್ಲಿಯವರೆಗೆ ಮಾತಾಡದ ಮಕ್ಕಳು ಮಾತಾಡುತ್ತಾರೆ. ಮೊದಲ ಭೇಟಿಗೆ ಇದಕ್ಕಿಂತ ಒಳ್ಳೆಯ ಕೆಲಸ ಹುಡುಕುವುದು ಕಷ್ಟ.

ಪಾಠದ ನಂತರದ ಮಾತು

ಅದೇ ದಿನ, 20ರಿಂದ 25 ನಿಮಿಷ, ಇಬ್ಬರೇ. ಸಿಬ್ಬಂದಿ ಕೋಣೆಯಲ್ಲಿ ಉಳಿದವರ ಎದುರು ಬೇಡ, ಮುಖ್ಯಗುರುಗಳ ಎದುರೂ ಬೇಡ. ಬಿಸಿಯೂಟದ ಹೊತ್ತು ಅನುಕೂಲ ಎನಿಸಿದರೂ ಶಿಕ್ಷಕರ ಕಣ್ಣು ಸಾಲಿನ ಮೇಲಿರುತ್ತದೆ. ಮಕ್ಕಳು ಆಟಕ್ಕೆ ಹೋದ ಅವಧಿ ಅಥವಾ ಶಾಲೆ ಬಿಟ್ಟ ಮೇಲಿನ ಅರ್ಧ ಗಂಟೆ ನೋಡಿ. ಶಿಕ್ಷಕರು ಊರಿಗೆ ಹೋಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಮೊದಲೇ ಕೇಳಿಕೊಳ್ಳಿ. ಬಸ್ಸಿನ ಚಿಂತೆಯಲ್ಲಿರುವವರ ಜೊತೆ ಯಾವ ಮಾತೂ ನಡೆಯುವುದಿಲ್ಲ.

ಮೊದಲು ಅವರು ಮಾತಾಡಲಿ. "ಇವತ್ತಿನ ಕ್ಲಾಸು ನಿಮಗ ಹ್ಯಾಂಗ ಅನಸ್ತ್ರಿ?" ಎಂದು ಕೇಳಿ ಸುಮ್ಮನಿರಿ. "ಛಲೋ ಆತ್ರಿ" ಎಂಬ ಎರಡು ಪದದ ಉತ್ತರ ಬಂದರೆ ಕಾಯಿರಿ, ಎರಡನೇ ಮಾತು ಬರುತ್ತದೆ. ಆಮೇಲೆ ನಕ್ಷೆ ಮುಂದಿಡಿ.

"ಹಿಂದ ಕೂತ ಹುಡುಗ್ರಿಗೆ ಬರಂಗಿಲ್ರಿ ಸರ್, ಅದಕ್ಕ ಅವ್ರನ್ನ ಕೇಳಂಗಿಲ್ಲ."

ಇಲ್ಲಿ "ಕೇಳಬೇಕಲ್ರೀ" ಎಂದು ಹೇಳಿದಿರೋ ಮಾತು ಮುಗಿಯಿತು. "ಹೌದ್ರಿ. ಹಂಗಾದ್ರ ಅವ್ರಿಗೆ ಬರೋ ಅಂಥ ಪ್ರಶ್ನಿ ಇವತ್ತಿನ ಪಾಠದಾಗ ಯಾವುದು ಇತ್ರಿ?" ಎಂದು ಕೇಳಿದರೆ ಶಿಕ್ಷಕರು ಪಾಠ ತೆರೆದು ನೋಡುತ್ತಾರೆ. ಹಾಗೆ ಅವರೇ ಹುಡುಕಿ ಹೇಳಿದ ಒಂದು ಪ್ರಶ್ನೆ ನಿಮ್ಮ ಹತ್ತು ಸಲಹೆಗಿಂತ ಹೆಚ್ಚು ದಿನ ತರಗತಿಯಲ್ಲಿ ಉಳಿಯುತ್ತದೆ.

ಕೊನೆಗೆ ಒಂದೇ ಒಂದು ಬದಲಾವಣೆ ಆರಿಸಿ. ಹಲಗೆಯ ಬರಹ ಚಿಕ್ಕದು, ಕೋಣೆ ಕತ್ತಲು, ಪುಸ್ತಕ ತಿದ್ದಿಲ್ಲ ಎಂದೆಲ್ಲ ನಿಮಗೆ ಕಂಡಿರುತ್ತದೆ. ಹೇಳಬೇಡಿ, ನೋಟ್‌ಬುಕ್ಕಿನಲ್ಲಿರಲಿ. ಆರಿಸಿದ ಬದಲಾವಣೆ ಹತ್ತು ದಿನದಲ್ಲಿ ಮಾಡಿ ತೋರಿಸಬಹುದಾದಷ್ಟು ಚಿಕ್ಕದಿರಲಿ. "ಮಕ್ಕಳ ಭಾಗವಹಿಸುವಿಕೆ ಹೆಚ್ಚಿಸುವುದು" ಎಂದು ಬರೆದರೆ ನಾಳೆ ಬೆಳಗ್ಗೆ ಏನು ಮಾಡಬೇಕೋ ಯಾರಿಗೂ ಗೊತ್ತಾಗುವುದಿಲ್ಲ. "ಪ್ರತಿ ಗಣಿತ ಅವಧಿಯಲ್ಲಿ ಗೋಡೆ ಬದಿಯ ನಾಲ್ವರಿಗೆ ಒಂದೊಂದು ಪ್ರಶ್ನೆ, ಕೇಳಿ ಮೂರು ಎಣಿಸಿ ಆಮೇಲೆ ಹೆಸರು" ಎಂದರೆ ಗೊತ್ತಾಗುತ್ತದೆ. ಬರೆದ ಎರಡು ಸಾಲು ಇಬ್ಬರ ಬಳಿಯೂ ಇರಲಿ, ಮುಂದಿನ ಭೇಟಿಯ ದಿನಾಂಕವೂ ಅಲ್ಲೇ. ಎಂಟರಿಂದ ಹತ್ತು ದಿನದೊಳಗೆ ಮರಳಬೇಕು. ತಿಂಗಳು ಬಿಟ್ಟು ಹೋದರೆ ಇಬ್ಬರಿಗೂ ಮೊದಲಿನಿಂದ ಶುರು.

ಏಳುವ ಮೊದಲು ಅಲ್ಲೇ ಒಮ್ಮೆ ಮಾಡಿ ನೋಡಿ. ನೀವು ಮಗುವಾಗಿ ಕೂರಿ, ಶಿಕ್ಷಕರು ಪ್ರಶ್ನೆ ಕೇಳಿ ಮೂರು ಎಣಿಸಲಿ. ನಾಚಿಕೆಯಾಗುತ್ತದೆ, ನಗು ಬರುತ್ತದೆ. ಆದರೂ ಬಿಡಬೇಡಿ. ತಲೆಯಾಡಿಸಿ ಒಪ್ಪಿಕೊಂಡದ್ದು ಮರುದಿನ ತರಗತಿಯ ಗದ್ದಲದಲ್ಲಿ ಮರೆತುಹೋಗುತ್ತದೆ, ಬಾಯಲ್ಲಿ ಒಮ್ಮೆ ಬಂದದ್ದು ನೆನಪಾಗುತ್ತದೆ.

ಪ್ರಾತ್ಯಕ್ಷಿಕೆ ಪಾಠ ಕೊಡಬೇಕೆ? ಎರಡನೇ ಭೇಟಿಯಲ್ಲಿ, ಶಿಕ್ಷಕರು ಕೇಳಿದರೆ, 15 ನಿಮಿಷ ಮಾತ್ರ. ಇಡೀ ಪಾಠ ನೀವೇ ಮಾಡಿದರೆ ಮಕ್ಕಳು ಹೊಸಬರ ಎದುರು ಶಾಂತವಾಗಿರುತ್ತಾರೆ, "ನಿಮ್ಮ ಮುಂದ ಕೇಳ್ತಾವ್ರಿ, ನಮ್ಮ ಮುಂದ ಕೇಳಂಗಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವರು ಮಾಡುತ್ತಿರುವ ಪಾಠದ ನಡುವೆ, ಆರಿಸಿಕೊಂಡ ಆ ಒಂದೇ ಭಾಗವನ್ನು ನೀವು ಮಾಡಿ, ಉಳಿದದ್ದನ್ನು ಅವರ ಕೈಗೆ ಮರಳಿಸಿ. ಜಾಣ ಮಕ್ಕಳನ್ನು ಮಾತ್ರ ಎಬ್ಬಿಸಬೇಡಿ. ನಿಮ್ಮ ಪ್ರಶ್ನೆಗೂ ಮೌನವೇ ಉತ್ತರವಾದಾಗ ನೀವು ಏನು ಮಾಡುತ್ತೀರಿ ಎಂಬುದನ್ನೇ ಶಿಕ್ಷಕರು ನೋಡಬೇಕು.

ಭೇಟಿ ಪುಸ್ತಕ, ಫೋಟೋ, ಸಾಹೇಬರು

ಶಾಲೆಯ ಭೇಟಿ ಪುಸ್ತಕದಲ್ಲಿ ನೀವು ಬರೆದದ್ದನ್ನು ಮುಂದೆ ಬರುವ ಪ್ರತಿ ಅಧಿಕಾರಿಯೂ ಓದುತ್ತಾರೆ. "ಬೋಧನೆ ಸುಧಾರಿಸಬೇಕು, ಸೂಚನೆ ನೀಡಲಾಯಿತು" ಎಂಬ ಒಂದು ಸಾಲು ಆ ಶಿಕ್ಷಕರ ಜೊತೆಗಿನ ಆರು ವಾರವನ್ನು ಕೆಡಿಸಬಲ್ಲದು. ಅಲ್ಲಿ ದಿನಾಂಕ, ತರಗತಿ, ಹಾಜರಿದ್ದ ಮಕ್ಕಳು, ಗಮನಿಸಿದ ವಿಷಯ, ಒಪ್ಪಿಕೊಂಡ ಮುಂದಿನ ಹೆಜ್ಜೆ ಇಷ್ಟೇ ಇರಲಿ. ಬರೆದದ್ದನ್ನು ಶಿಕ್ಷಕರಿಗೆ ಓದಿ ಹೇಳಿಯೇ ಸಹಿ ಹಾಕಿ. ತರಗತಿಯ ಫೋಟೋ ಕ್ಲಸ್ಟರಿನ ವಾಟ್ಸಾಪ್ ಗುಂಪಿಗೆ ಹಾಕುವುದು ಅಭ್ಯಾಸವಾಗಿಬಿಟ್ಟಿದೆ, ಶಿಕ್ಷಕರನ್ನು ಕೇಳದೆ ಹಾಕಬೇಡಿ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು "ಆ ಶಾಲ್ಯಾಗ ಯಾರು ಸರಿ ಪಾಠ ಮಾಡಲ್ಲ?" ಎಂದು ಕೇಳುವ ದಿನ ಬರುತ್ತದೆ. ಹಾಜರಾತಿ, ಮಕ್ಕಳ ಸುರಕ್ಷತೆ, ಹೊಡೆತದಂಥ ವಿಷಯಗಳನ್ನು ಮುಚ್ಚಿಡುವ ಹಕ್ಕು ನಿಮಗಿಲ್ಲ. ಇದನ್ನು ಶಿಕ್ಷಕರಿಗೂ ಮೊದಲ ದಿನವೇ ಹೇಳಿಬಿಡಿ. ಕಲಿಸುವ ಕೌಶಲದ ಬಗ್ಗೆ ಮಾತ್ರ ಹೆಸರಿಲ್ಲದೆ, ಇಡೀ ಕ್ಲಸ್ಟರಿನ ಮಟ್ಟದಲ್ಲಿ ಉತ್ತರ ಕೊಡಿ: "ಸರ್, ಕಳೆಯುವ ಲೆಕ್ಕದಾಗ ಐದು ಶಾಲ್ಯಾಗ ತೊಂದರಿ ಅದ, ಕಡ್ಡಿ ಮಾಡಿಸಿ ಕೆಲಸ ನಡಸೀವಿ."

ಹಿರಿಯರು, ಅತಿಥಿಗಳು, ಏಕೋಪಾಧ್ಯಾಯರು

ನಿಮಗಿಂತ ಹದಿನೈದು ವರ್ಷ ಹೆಚ್ಚು ಸೇವೆ ಮಾಡಿದವರ ಬಳಿ ಸಲಹೆ ಹಿಡಿದು ಹೋಗಬೇಡಿ, ಪ್ರಶ್ನೆ ಹಿಡಿದು ಹೋಗಿ. ಯಾವ ಪಾಠ ಮಕ್ಕಳಿಗೆ ಎಲ್ಲಿ ತೊಡಕಾಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅದನ್ನು ಬರೆದುಕೊಂಡು ಸಮಾಲೋಚನಾ ಸಭೆಯಲ್ಲಿ ಅವರ ಹೆಸರಿನಲ್ಲೇ ಹೇಳಿ.

ಅತಿಥಿ ಶಿಕ್ಷಕರ ಸ್ಥಿತಿಯೇ ಬೇರೆ. ಹಲವರು ವರ್ಷದ ನಡುವೆ ಸೇರಿರುತ್ತಾರೆ, ನಲಿ-ಕಲಿ ತರಬೇತಿ ಪಡೆದಿರುವುದಿಲ್ಲ, ಗೌರವಧನ ತಡವಾಗುತ್ತದೆ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ತಿಳಿಯದು. ಅವರಿಗೆ ಪ್ರಶ್ನೆಗಿಂತ ಮೊದಲು ವಸ್ತು ಬೇಕು: ಒಂದು ವಾರದ ಸಿದ್ಧ ಪಾಠ ಯೋಜನೆ, ಕಾರ್ಡುಗಳ ಕ್ರಮ, ಹಾಜರಿ ಮತ್ತು ಪ್ರಗತಿ ತುಂಬುವ ರೀತಿ. ಮೊದಲ ಎರಡು ಭೇಟಿ ಅದಕ್ಕೇ ಕೊಡಿ. ಏಕೋಪಾಧ್ಯಾಯ ಶಾಲೆಯಲ್ಲಿ, ಆ ಶಿಕ್ಷಕರು ನಿಮ್ಮ ಜೊತೆ ಕೂತು ಮಾತಾಡುವಾಗ ಮಕ್ಕಳನ್ನು ನೋಡಿಕೊಳ್ಳುವವರೇ ಇರುವುದಿಲ್ಲ. 20 ನಿಮಿಷದ ಬರೆಯುವ ಕೆಲಸವನ್ನು ನೀವೇ ತಯಾರಿಸಿಕೊಂಡು ಹೋಗಿ.

ನವೆಂಬರ್‌ನಿಂದ ಜನವರಿಯವರೆಗಿನ ಸುತ್ತುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸುವ ಕಾಲ, ಆಮೇಲೆ ತೊಗರಿ ರಾಶಿ. ಕುಟುಂಬದ ಜೊತೆ ಬೆಂಗಳೂರು, ಮುಂಬೈಗೆ ದುಡಿಯಲು ಹೋದ ಮಕ್ಕಳೂ ಇರುತ್ತಾರೆ. 35 ಮಕ್ಕಳ ಕಡೆ 16 ಕೂತಿರುವ ದಿನ ಶಿಕ್ಷಕರ ಬದಲಾವಣೆಯನ್ನು ಅಳೆಯಬೇಡಿ. ಆ ದಿನದ ಮಾತು, ಮರಳಿ ಬಂದ ಮಗುವಿಗೆ ಮೊದಲ ವಾರ ಏನು ಕೊಡಬೇಕು ಎಂಬುದರ ಮೇಲಿರಲಿ: ಬಿಟ್ಟು ಹೋದಾಗ ಯಾವ ಮೆಟ್ಟಿಲಿನಲ್ಲಿತ್ತು ಎಂದು ಪ್ರಗತಿ ನೋಟದಲ್ಲಿ ಗುರುತು, ಅಲ್ಲಿಂದ ಎರಡು ಮೆಟ್ಟಿಲು ಹಿಂದಿನ ಕಾರ್ಡಿನಿಂದ ಶುರು, ಪಕ್ಕಕ್ಕೆ ಜೊತೆಗಾರ ಮಗು ಒಂದು.

ನಾಲ್ಕನೇ ಭೇಟಿಯಲ್ಲಿ ಮೊದಲ ದಿನದ ನಕ್ಷೆಯನ್ನೂ ಅವತ್ತಿನ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ಶಿಕ್ಷಕರೇ ಗೆರೆ ಎಣಿಸಲಿ. ಆಮೇಲೆ ಮೂರು ಭಾಗದ ಆ ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟು, ಮುಂದಿನ ಸುತ್ತಿನಲ್ಲಿ ಪಕ್ಕದ ಕೋಣೆಯ ಶಿಕ್ಷಕರ ಒಂದು ಅವಧಿಗೆ ನಿಮ್ಮ ಜೊತೆ ಹಿಂದೆ ಕೂರಲು ಕರೆಯಿರಿ. ಆ 40 ನಿಮಿಷ ಅವರ ತರಗತಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಮುಖ್ಯಗುರುಗಳ ಜೊತೆ ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ.